ಹೇಳಿದ ಮಾತು ಎಲ್ಲಿಗೆ ಹೋಗುತ್ತೆ: ತುಮಕೂರಿನ ಒಬ್ಬ ತಾಯಿ, ಮಗಳ ಪ್ರಕರಣ

ತಾಯಿಗೆ ಆಗ 39 ವರ್ಷ. ಮಗಳಿಗೆ 14, ಒಂಬತ್ತನೇ ಕ್ಲಾಸು. ಕೆಳಗೆ ಆರು ವರ್ಷದ ತಮ್ಮ ಒಬ್ಬ. ಮನೆ ತುಮಕೂರಿನಲ್ಲಿ. ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ತಾಯಿ ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ. 2023ರ ಕೊನೆಯಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸ್ ಕೊಡುವ ದಿನ, ಕ್ಲಾಸ್ ಟೀಚರ್ ಅವರನ್ನು ನನ್ನ ಹತ್ತಿರ ಕಳಿಸಿದರು. ನಾನು ಆ ಶಾಲೆಗೆ ವಾರಕ್ಕೊಮ್ಮೆ ಹೋಗುವ ಆಪ್ತ ಸಮಾಲೋಚಕಿ.

"ಇವಳು ನನ್ ಹತ್ರ ಮಾತಾಡೋದೇ ಬಿಟ್ಟಿದಾಳೆ ಮೇಡಂ. ಬಾಡಿಗೆಗೆ ಇರೋರ ಥರ ಇರ್ತಾಳೆ ಮನೇಲಿ" ಅಂದರು.

ಇಂಥ ದೂರು ಬಂದಾಗ ಮೊದಲು ಬೇರೆ ಕೆಲವು ವಿಷಯ ನೋಡಬೇಕು. ಊಟ, ನಿದ್ದೆ ಸರಿಯಾಗಿದೆಯಾ, ಗೆಳೆಯರ ಜೊತೆಗೂ ಮಾತು ಬಿಟ್ಟಿದ್ದಾಳಾ, ಮೊದಲು ಇಷ್ಟವಿದ್ದದ್ದರಲ್ಲಿ ಆಸಕ್ತಿ ಹೋಗಿದೆಯಾ. ಇವಳ ವಿಷಯದಲ್ಲಿ ಅದ್ಯಾವುದೂ ಇರಲಿಲ್ಲ. ಮಧ್ಯಾಹ್ನ ಊಟದ ಬೆಲ್ ಹೊಡೆದಾಗ ಕಾರಿಡಾರಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. ತಮ್ಮನ ಜೊತೆ ಜಗಳ, ಮುದ್ದು ಎರಡೂ ಇತ್ತು. ಮಾತು ನಿಂತಿದ್ದು ಅಮ್ಮನ ಜೊತೆ ಮಾತ್ರ.

ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಮಗಳು ಪೂರ್ತಿ ಓದಿ ಒಂದು ಕಡೆ ಗೀಟು ಹಾಕಿದಳು. ಆ ಜಾಗ ಬಂದಾಗ ಹೇಳುತ್ತೇನೆ.

ಮಗುವಿನ ಬಾಯಿ ಅಮ್ಮನೇ ಆಗಿದ್ದಾಗ

ಮೊದಲ ಭೇಟಿಯಲ್ಲಿ ತಾಯಿಗೆ ಒಂದೇ ಪ್ರಶ್ನೆ ಕೇಳಿದೆ. ಇವಳು ಹುಟ್ಟಿದಾಗಿನಿಂದ ನಿಮ್ಮಿಬ್ಬರ ಮಾತು ಹೇಗಿತ್ತು, ನೆನಪಾದಷ್ಟು ಹೇಳಿ ಅಂತ. ಅಷ್ಟು ಹೊತ್ತು ತಲೆ ತಗ್ಗಿಸಿಕೊಂಡಿದ್ದವರು ಒಮ್ಮೆಲೇ ಅರಳಿಬಿಟ್ಟರು.

ಹುಟ್ಟಿದ ಮಗುವಿಗೆ ಅಮ್ಮನ ದನಿ ಗೊತ್ತಿರುತ್ತದೆ ಅನ್ನೋದು ಬರೀ ಅಜ್ಜಿಯರ ನಂಬಿಕೆ ಅಲ್ಲ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ನೋಡಿದರು. ಒಂದು ರೀತಿ ಚೀಪಿದರೆ ಸ್ವಂತ ಅಮ್ಮನ ದನಿ ಕೇಳುತ್ತದೆ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ಅಮ್ಮನ ದನಿ ಬರುವ ಹಾಗೆ ಚೀಪುವುದನ್ನು ಕಲಿತುಬಿಟ್ಟವು.

ಆದರೆ ಕೂಸಿಗೆ ಉತ್ತರ ಕೊಡೋಕೆ ಬರಲ್ಲ. ಹಾಗಾಗಿ ಅಮ್ಮನೇ ಎರಡೂ ಕಡೆಯ ಮಾತಾಡುತ್ತಾಳೆ. ನಮ್ಮ ಕಡೆ ಇದನ್ನು ಯಾವ ಮನೆಯಲ್ಲಾದರೂ ಕೇಳಬಹುದು. "ಅಜ್ಜೀ, ನಂಗೆ ಹೊಟ್ಟೆ ಹಸೀತಿದೆ, ಬುವ್ವ ಕೊಡಿ." "ಡಾಕ್ಟ್ರೇ, ನಂಗೆ ಸೂಜಿ ಬೇಡಪ್ಪಾ." ಕೂಸು ಅಮ್ಮನ ಮುಖ ನೋಡುತ್ತಾ ಇರುತ್ತದೆ, ಅದರ ಪರವಾಗಿ ಅಮ್ಮ ಊರಿಗೆಲ್ಲ ಹೇಳುತ್ತಾ ಹೋಗುತ್ತಾಳೆ. ಮಗು ತೊದಲಲು ಶುರು ಮಾಡಿದ ಮೇಲೂ ಅಷ್ಟೇ. ಅದರ ಮಾತು ಅಮ್ಮನಿಗೆ ಮಾತ್ರ ಅರ್ಥ ಆಗುತ್ತೆ, ಉಳಿದವರಿಗೆ ಅವಳೇ ಬಿಡಿಸಿ ಹೇಳಬೇಕು.

ಈ ತಾಯಿ ಅದನ್ನು ತುಂಬ ಚೆನ್ನಾಗಿ ಮಾಡಿದ್ದರು. ಸಂಜೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು "ಇವತ್ತು ಅಜ್ಜಿ ಮನೇಲಿ ಏನು ನೋಡಿದ್ವಿ? ಹಸು ಇತ್ತಲ್ಲ, ಅದೇನು ಮಾಡ್ತು?" ಅಂತ ಆ ದಿನವನ್ನು ಮತ್ತೆ ಕಟ್ಟುತ್ತಿದ್ದರಂತೆ. ಹೀಗೆ ಕೇಳುತ್ತಾ, ಮಗು ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸುತ್ತಾ ಹೋಗುವ ತಾಯಂದಿರ ಮಕ್ಕಳು ಮುಂದೆ ತಮ್ಮ ನೆನಪುಗಳನ್ನು ಹೆಚ್ಚು ವಿವರವಾಗಿ ಹೇಳಬಲ್ಲರು ಅಂತ ರಾಬಿನ್ ಫೈವುಶ್, ಎಲೇನ್ ರೀಸ್ ಎಂಬ ಮನಶ್ಶಾಸ್ತ್ರಜ್ಞೆಯರು ತೋರಿಸಿದ್ದಾರೆ. ಇವರು ಅದನ್ನೆಲ್ಲ ಓದಿದವರಲ್ಲ. ಅವರಮ್ಮ ಮಾಡುತ್ತಿದ್ದದ್ದನ್ನು ಇವರೂ ಮಾಡಿದರು, ಅಷ್ಟೇ.

ಐದು ವರ್ಷದವಳಿದ್ದಾಗ ರಾತ್ರಿ ಬಸ್ಸಿನಲ್ಲಿ ಬರುವಾಗ ಮಗಳು ಕಿಟಕಿಯಿಂದ ನೋಡಿ "ಅಮ್ಮ, ಚಂದ್ರ ನಮ್ ಹಿಂದೇನೇ ಬರ್ತಿದಾನೆ, ಅವ್ನು ಟಿಕೆಟ್ ತಗೊಂಡಿದಾನಾ?" ಅಂದಿದ್ದಳು. ಕಂಡಕ್ಟರೂ ನಕ್ಕಿದ್ದರಂತೆ. ಈ ಮಾತನ್ನು ತಾಯಿ ನನಗೆ ಹೇಳುವ ಮುಂಚೆ ಎಷ್ಟು ಜನಕ್ಕೆ ಹೇಳಿರಬಹುದೋ ಲೆಕ್ಕವಿಲ್ಲ. ಮದುವೆ, ಗೃಹಪ್ರವೇಶ, ಗೌರಿ ಹಬ್ಬ, ಎಲ್ಲಿ ನೆಂಟರು ಸೇರಿದರೂ ಚಂದ್ರನ ಟಿಕೆಟ್ ಕತೆ. ಹತ್ತು ವರ್ಷದವರೆಗೆ ಮಗಳೂ ಜೊತೆಯಲ್ಲಿ ನಗುತ್ತಿದ್ದಳು. ಆಮೇಲೊಂದು ದಿನ "ಸುಮ್ನಿರಮ್ಮ" ಅಂದಳು. ತಾಯಿ ಅದನ್ನು ನಾಚಿಕೆ ಅಂದುಕೊಂಡರು.

ಕಾರಣ ಅಲ್ಲೇ ಇತ್ತು ಅಂತ ನನಗೆ ಆಮೇಲೆ ಹೊಳೆಯಿತು.

ಎಂಟರಿಂದ ಹತ್ತು ವರ್ಷದವರೆಗಿನ ಮಾತೆಲ್ಲ ನಡೆದದ್ದು ಸ್ಕೂಟಿಯ ಮೇಲೆ. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಮಗಳು ಹಿಂದೆ ಕೂತು ಆ ದಿನದ್ದನ್ನೆಲ್ಲ ಅಮ್ಮನ ಬೆನ್ನಿಗೆ ಹೇಳುತ್ತಿದ್ದಳು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಮತ್ತೆ ತೆರೆದಾಗ ಇವಳು ಗೆಳತಿಯರ ಜೊತೆ ವ್ಯಾನಿನಲ್ಲಿ ಹೋಗಲು ಶುರು ಮಾಡಿದಳು. ಸ್ಕೂಟಿಯ ಆ ಹೊತ್ತು ಹೋಯಿತು. ಅದರ ಬದಲಿಗೆ ಬೇರೆ ಯಾವ ಹೊತ್ತೂ ಬರಲಿಲ್ಲ ಅನ್ನೋದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಬಾಗಿಲು ಎರಡು ಸಲ ಮುಚ್ಚಿತು

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಮೊದಲೆರಡು ಸಲ "ಏನಿಲ್ಲ ಮಿಸ್" ಬಿಟ್ಟರೆ ಏನೂ ಬರಲಿಲ್ಲ. ಒಂದು ದಿನ ಅವಳೇ ನನಗೆ ಪ್ರಶ್ನೆ ಹಾಕಿದಳು. "ನಾನು ಹೇಳಿದ್ದನ್ನ ನೀವು ಅಮ್ಮಂಗೆ ಹೇಳ್ತೀರಾ?"

ಯಾವುದನ್ನು ಹೇಳಲ್ಲ, ಯಾವುದನ್ನು ಹೇಳಲೇಬೇಕಾಗುತ್ತದೆ ಅಂತ ವಿವರಿಸಿದೆ. ಆಮೇಲೆ ಎರಡು ಸಂಗತಿ ಹೇಳಿದಳು. ಕೊನೆಗೆ, ಅಮ್ಮನ ಎದುರಿಗೇ ಹೇಳಬಹುದು ಅಂತಲೂ ಒಪ್ಪಿದಳು.

ಮೊದಲನೆಯದು 2022ರ ಬೇಸಿಗೆ ರಜೆಯದ್ದು. ಅವಳಿಗೆ ಮೊದಲ ಸಲ ಮುಟ್ಟಾಯಿತು. ಬಚ್ಚಲುಮನೆಯಿಂದ ಅಮ್ಮನನ್ನು ಕರೆದು ಹೇಳಿದಳು. ಅಮ್ಮ ಸಮಾಧಾನ ಮಾಡಿ, ಪ್ಯಾಡ್ ಹೇಗೆ ಇಡಬೇಕು ಅಂತ ತೋರಿಸಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. "ಯಾರಿಗೂ ಹೇಳ್ಬೇಡಮ್ಮ" ಅಂದಳು. "ಇಲ್ಲ ಕಣೇ" ಅಂದರು ಅಮ್ಮ. ಬಾಗಿಲು ಹಾಕಿಕೊಂಡು ಅವಳು ಬಟ್ಟೆ ಬದಲಿಸುತ್ತಿದ್ದಾಗ ಹೊರಗೆ ಫೋನಿನಲ್ಲಿ ಅಮ್ಮನ ದನಿ: "ಅಕ್ಕಾ, ನಮ್ಮೋಳು ದೊಡ್ಡೋಳಾದ್ಲು ಕಣೇ." ಆಮೇಲೆ ತಿಪಟೂರಿಗೆ, ಅಜ್ಜಿಗೆ. ಆಮೇಲೆ ಅತ್ತೆಗೆ. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಸಂಜೆಯೊಳಗೆ ಪಕ್ಕದ ಮನೆ ಆಂಟಿ ಚಿಗಳಿ ಉಂಡೆ ಹಿಡಿದುಕೊಂಡು ಬಂದರು.

ಆರತಿ ಮಾಡಿದ್ದು, ಹೊಸ ಲಂಗ ದಾವಣಿ ಉಡಿಸಿದ್ದು, ಅಜ್ಜಿ ಕೊಬ್ಬರಿ ಬೆಲ್ಲ ಹೊತ್ತುಕೊಂಡು ಬಂದದ್ದು ಅವಳಿಗೆ ಇಷ್ಟವೇ ಆಗಿತ್ತು. ಶಾಸ್ತ್ರದ ಮೇಲೆ ಅವಳಿಗೆ ಕೋಪವಿರಲಿಲ್ಲ. "ಹೇಳಲ್ಲ ಅಂದ್ಬಿಟ್ಟು ಹೇಳಿದ್ಲು ಮಿಸ್. ಅದೂ ಐದು ನಿಮಿಷ ಆಗಿರ್ಲಿಲ್ಲ."

ಎರಡನೆಯದು ಎಂಟನೇ ಕ್ಲಾಸಿನಲ್ಲಿ. ಅವಳ ಪಕ್ಕ ಕೂರುವ ಗೆಳತಿಗೆ ಇನ್ನೊಂದು ಸೆಕ್ಷನ್ನಿನ ಹುಡುಗ ಇನ್‌ಸ್ಟಾಗ್ರಾಮಿನಲ್ಲಿ ಮೆಸೇಜ್ ಕಳಿಸುತ್ತಿದ್ದ. ಊಟ ಮಾಡುತ್ತಾ ಇದನ್ನು ಅಮ್ಮನಿಗೆ ಹೇಳಿದಳು. ದೂರು ಹೇಳುವ ಉದ್ದೇಶ ಇರಲಿಲ್ಲ. ತಮಾಷೆ ಅನಿಸಿತ್ತು, ಹೇಳಿದಳು. ಅದೇ ರಾತ್ರಿ ಅಮ್ಮ ಗೆಳತಿಯ ತಾಯಿಗೆ ಫೋನ್ ಮಾಡಿದರು. ಅಲ್ಲಿ ಮೊಬೈಲ್ ಕಿತ್ತುಕೊಂಡರು, ಎರಡು ಏಟೂ ಬಿತ್ತಂತೆ. ಮರುದಿನ ಗೆಳತಿ ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಸುಮಾರು ದಿನ ಇವಳ ಪಕ್ಕ ಯಾರೂ ಕೂರಲಿಲ್ಲ. "ಚಾಡಿ" ಅನ್ನೋ ಹೆಸರು ವರ್ಷ ಮುಗಿಯುವವರೆಗೂ ಅಂಟಿಕೊಂಡಿತು.

ಇದು ತಾಯಿಗೆ ಗೊತ್ತೇ ಇರಲಿಲ್ಲ. ಮೂವರೂ ಕೂತ ದಿನ, ನನ್ನ ರೂಮಿನಲ್ಲಿ, ಮೊದಲ ಸಲ ಕೇಳಿಸಿಕೊಂಡರು.

"ಆಗ್ಲೇ ನಂಗೆ ಹೇಳ್ಬೋದಿತ್ತಲ್ವೇನೇ?"

"ಹೇಳಿದ್ರೆ ನೀನು ಮತ್ತೆ ಅವ್ರಮ್ಮಂಗೆ ಫೋನ್ ಮಾಡ್ತಿದ್ದೆ."

ತಾಯಿ ಬಾಯಿ ತೆರೆದರು, ಆದರೆ ಏನೂ ಹೇಳಲಿಲ್ಲ. ಫೋನ್ ಮಾಡುತ್ತಿದ್ದೆ ಅಂತ ಅವರಿಗೂ ಗೊತ್ತಿತ್ತು.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಮಗು ಮಾತು ನಿಲ್ಲಿಸಿದಾಗ ಎಲ್ಲರೂ ಕೇಳುವುದು "ಯಾಕೆ ಹೇಳ್ತಿಲ್ಲ?" ಅಂತ. ಹೇಳಿದ ಮಾತು ಆಮೇಲೆ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲ್ಲ. ಕೂಸಿದ್ದಾಗ ಅದರ ಪರವಾಗಿ ಮಾತಾಡಿದ ಅಮ್ಮನೇ, ಐದು ವರ್ಷದಲ್ಲಿ ಅದರ ಮುದ್ದು ಮಾತನ್ನು ಊರಿಗೆ ಹಂಚಿದ ಅಮ್ಮನೇ, ಹನ್ನೆರಡರಲ್ಲೂ ಅದನ್ನೇ ಮಾಡಿದರು. ಅವರು ಹೊಸದೇನೂ ಮಾಡಲಿಲ್ಲ. ಮಗಳು ಹೊಸಬಳಾಗಿದ್ದಳು. ಆ ವಯಸ್ಸಿಗೆ ಮಾತು ಹೇಳಿದವರ ಸ್ವತ್ತಾಗುತ್ತದೆ. ಅಮ್ಮಂದಿರಿಗೆ ಅದನ್ನು ಯಾರೂ ಬಂದು ತಿಳಿಸುವುದಿಲ್ಲ.

ಅಳತೆ ಪುಸ್ತಕ

ತಾಯಿಗೆ ಒಂದು ಸಣ್ಣ ಕೆಲಸ ಕೊಟ್ಟೆ. ಕೆಲವು ದಿನ ನೀವು ಮಗಳಿಗೆ ಹೇಳುವ ಮಾತುಗಳನ್ನು ಇದ್ದ ಹಾಗೇ ಬರೆದಿಡಿ, ಅವಳು ಏನಂದಳು ಅನ್ನೋದು ಪಕ್ಕಕ್ಕೆ ಅಂತ. ಬೇರೆ ನೋಟ್‌ಬುಕ್ ಕೊಳ್ಳಲಿಲ್ಲ. ಗಿರಾಕಿಗಳ ಬ್ಲೌಸ್ ಅಳತೆ ಬರೆಯುವ ಪುಸ್ತಕದ ಹಿಂದಿನಿಂದ ಶುರು ಮಾಡಿದರು. ಮುಂದಿನಿಂದ ಎದೆ, ಸೊಂಟ, ತೋಳುದ್ದ. ಹಿಂದಿನಿಂದ ಹೀಗಿತ್ತು:

ಎದ್ದೇಳೇ, ಆರೂವರೆ ಆಯ್ತು. ಸ್ನಾನಕ್ಕೆ ಹೋಗು, ನೀರು ಆರುತ್ತೆ. ಬಾಟ್ಲಿ ತಗೊಂಡ್ಯಾ? ಐಡಿ ಕಾರ್ಡ್? ಅರ್ಧ ದೋಸೆ ಬಿಟ್ಟಿದೀಯಲ್ಲೇ. ಟೆಸ್ಟಲ್ಲಿ ಎಷ್ಟು ಬಂತು? ಬೇರೆಯವ್ರಿಗೆ ಎಷ್ಟು ಬಂತು? ಆ ಮೊಬೈಲ್ ಇಡು. ಯಾರ್ ಜೊತೆ ಅಷ್ಟೊತ್ತು? ಬಟ್ಟೆ ಮಡಚಿಡು ಅಂದಿದ್ನಲ್ಲ. ಮುಖ ಯಾಕೆ ಹಂಗಿದೆ? ಬೇಗ ಮಲ್ಕೋ.

ಪಕ್ಕದಲ್ಲಿ ಮಗಳ ಉತ್ತರ: ಹೂಂ. ಹೂಂ. ಆಯ್ತು. ಗೊತ್ತಿಲ್ಲ. ಏನಿಲ್ಲ. ಉತ್ತರವೇ ಇಲ್ಲದ ಕಡೆ ತಾಯಿ ಅಡ್ಡಗೆರೆ ಎಳೆದಿದ್ದರು. ಅಡ್ಡಗೆರೆಗಳೇ ಜಾಸ್ತಿ.

ಪುಸ್ತಕ ತಂದುಕೊಟ್ಟಾಗ ನಾನು ಏನೂ ಹೇಳಬೇಕಾಗಲಿಲ್ಲ. "ಓದ್ಕೊಂಡೆ ಮೇಡಂ. ನಮ್ಮತ್ತೆ ನನ್ ಹತ್ರ ಹಿಂಗೇ ಮಾತಾಡ್ತಿದ್ರು" ಅಂದರು.

ಇದೇ ಹೊತ್ತಲ್ಲಿ, ಅದೇ ಮನೆಯಲ್ಲಿ, ಮಗನ ಜೊತೆಗಿನ ಮಾತು ಬೇರೆಯೇ ಇತ್ತು. ಅವನು ಶಾಲೆಯಿಂದ ಬಂದು ಹೊಲಿಗೆ ಮೆಷಿನ್ ಪಕ್ಕ ನಿಂತು ಇರುವೆ ಸಾಲಿನ ಕತೆ ಹೇಳಿದರೆ, ಪೆಡಲ್ ಮೇಲಿನ ಕಾಲು ನಿಲ್ಲುತ್ತಿತ್ತು. "ಹೌದೇನೋ? ಆಮೇಲೆ?" ಅನ್ನುತ್ತಿದ್ದರು. ಹೀಗಾಗಿ ಈ ತಾಯಿಗೆ ಮಾತಾಡೋಕೆ ಬರಲ್ಲ ಅನ್ನುವ ಹಾಗೇ ಇಲ್ಲ. ಮಗನಿಗೆ "ಆಮೇಲೆ?", ಮಗಳಿಗೆ "ಎಷ್ಟು ಬಂತು?". ಮಗಳು ಅದನ್ನು ದಿನಾ ಒಳಗಿನ ರೂಮಿನಿಂದ ಕೇಳಿಸಿಕೊಳ್ಳುತ್ತಿದ್ದಳು.

ಪ್ರಶ್ನೆ ಜಾಸ್ತಿ ಆದಷ್ಟೂ ಗೊತ್ತಾಗುವುದು ಜಾಸ್ತಿ ಆಗುತ್ತದಾ? ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್, ಮಾರ್ಗರೆಟ್ ಕರ್ ಇದೇ ವಯಸ್ಸಿನ, 14 ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ವಿಚಾರಿಸಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅಪ್ಪ ಅಮ್ಮಂದಿರಿಗೆ ಮಕ್ಕಳ ಬಗ್ಗೆ ಏನು ಗೊತ್ತಿರುತ್ತದೋ ಅದು ಮುಖ್ಯವಾಗಿ ಬರುವುದು ಮಕ್ಕಳು ತಾವಾಗಿ ಹೇಳಿದ್ದರಿಂದ. ಕೇಳಿ ಕೇಳಿ ಹೊರಡಿಸಿದ್ದು, ಕಾವಲು ಕಾದು ತಿಳಿದದ್ದು ಅದಕ್ಕೆ ಹೋಲಿಸಿದರೆ ಕಡಿಮೆ. ಇದನ್ನು ತಾಯಿಗೆ ಹೇಳಿದಾಗ "ಹಂಗಾದ್ರೆ ಸುಮ್ನೆ ಕೂತ್ಕೋಬೇಕಾ?" ಅಂದರು. ನ್ಯಾಯವಾದ ಪ್ರಶ್ನೆಯೇ.

ಅವರ ಸಂಕಟಕ್ಕೆ ಸ್ವಲ್ಪ ಸಮಾಧಾನ ಆಗಿದ್ದು ಇನ್ನೊಂದು ವಿಷಯದಿಂದ. ಸ್ಟ್ಯಾನ್‌ಫೋರ್ಡ್‌ನಲ್ಲಿ ಡೇನಿಯಲ್ ಅಬ್ರಾಮ್ಸ್, ವಿನೋದ್ ಮೆನನ್ ಮತ್ತು ಜೊತೆಗಾರರು ಮಕ್ಕಳಿಗೆ ಅಮ್ಮನ ದನಿಯನ್ನೂ ಅಪರಿಚಿತ ಹೆಂಗಸಿನ ದನಿಯನ್ನೂ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಅರ್ಥವಿಲ್ಲದ ಪುಟ್ಟ ಪದಗಳು, ಬರೀ ದನಿ ಮುಖ್ಯ. ಹನ್ನೆರಡರ ಒಳಗಿನ ಮಕ್ಕಳಲ್ಲಿ ಖುಷಿಗೆ, ಗಮನಕ್ಕೆ ಸಂಬಂಧಿಸಿದ ಭಾಗಗಳು ಅಮ್ಮನ ದನಿಗೆ ಹೆಚ್ಚು ಸ್ಪಂದಿಸಿದವು. 13 ದಾಟಿದವರಲ್ಲಿ ಅದು ತಿರುಗಿತ್ತು, ಹೊಸ ದನಿಗೇ ಜಾಸ್ತಿ. ಇದು ಬಂದದ್ದು 2022ರಲ್ಲಿ. "ಅಂದ್ರೆ ನನ್ನೊಬ್ಳಿಗೇ ಅಲ್ಲ ಇದು" ಅಂದರು ತಾಯಿ. ಆದರೆ ಇದನ್ನೇ ಹಿಡಿದುಕೊಂಡು "ವಯಸ್ಸಿನ ದೋಷ, ತಾನಾಗೇ ಸರಿಹೋಗುತ್ತೆ" ಅಂತ ಕೂರುವುದು ನನಗೆ ಒಪ್ಪಿಗೆಯಿಲ್ಲ. ಹೊರಗಿನ ದನಿಗೆ ಕಿವಿ ಕೊಡುವುದು ವಯಸ್ಸಿನದ್ದು. ಬಾಗಿಲ ಹಿಂದೆ ಕೇಳಿಸಿಕೊಂಡ ಫೋನ್ ವಯಸ್ಸಿನದ್ದಲ್ಲ.

ಕ್ಷಮೆ, ಮತ್ತೆ ಒಂದು ಒಪ್ಪಂದ

"ಮೆಸೇಜ್ ಹಾಕಿ ಸಾರಿ ಕೇಳ್ಲಾ ಮೇಡಂ? ಎದುರಿಗೆ ಬಾಯಿ ಬರಲ್ಲ." ಎಷ್ಟೋ ಅಮ್ಮಂದಿರು ಇದನ್ನು ಕೇಳುತ್ತಾರೆ. ಬೇಡ ಅಂದೆ. ವಿಸ್ಕಾನ್ಸಿನ್‌ನ ಲೆಸ್ಲಿ ಸೆಲ್ಟ್ಜರ್ ತಂಡ 7ರಿಂದ 12 ವರ್ಷದ ಹುಡುಗಿಯರಿಗೆ ಅಪರಿಚಿತರ ಎದುರು ಭಾಷಣ, ಲೆಕ್ಕ ಮಾಡಿಸಿ ಗಾಬರಿ ಹುಟ್ಟಿಸಿ ನೋಡಿತ್ತು. ಆಮೇಲೆ ಅಮ್ಮ ಫೋನಿನಲ್ಲಿ ಮಾತಾಡಿದರೂ ಅವರ ಒತ್ತಡದ ಹಾರ್ಮೋನು ಇಳಿಯಿತು, ಹೆಚ್ಚುಕಡಿಮೆ ಎದುರಿಗೇ ಬಂದು ಅಪ್ಪಿಕೊಂಡಷ್ಟೇ. ಅದು 2010ರದ್ದು. 2012ರಲ್ಲಿ ಅದೇ ತಂಡ ಅಮ್ಮನ ಲಿಖಿತ ಮೆಸೇಜನ್ನು ಪರೀಕ್ಷಿಸಿತು. ಅದರಿಂದ ಅಂಥ ಪರಿಣಾಮ ಕಾಣಲಿಲ್ಲ. ಇವಳು ಆ ವಯಸ್ಸು ದಾಟಿದ್ದಳು ನಿಜ. ಆದರೂ ದನಿಯಲ್ಲೇ ಹೇಳಿ ಅಂದೆ.

ಹೇಳಿದರು. ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡು, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ. "ಅವತ್ತು ದೊಡ್ಡಮ್ಮಂಗೆ ಫೋನ್ ಮಾಡಬಾರದಾಗಿತ್ತು ನಾನು." ಮಗಳು "ಹೂಂ" ಅಂದಳಂತೆ. ಅಷ್ಟೇ. ತಾಯಿಗೆ ಸ್ವಲ್ಪ ನಿರಾಸೆಯಾಯಿತು. ಸಿನಿಮಾದಲ್ಲಿ ಆದರೆ ತಬ್ಬಿಕೊಂಡು ಅಳುತ್ತಿದ್ದರು.

ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ಅವಳ ವಿಷಯ ಯಾರಿಗೇ ಹೇಳುವ ಮುಂಚೆ ಅಮ್ಮ ಅವಳನ್ನು ಕೇಳಬೇಕು, ಅಪ್ಪನಿಗೆ ಹೇಳುವುದಾದರೂ ಸರಿ. ಅವಳು ಬೇಡ ಅಂದರೆ ಬೇಡ.

ಇದಕ್ಕೆ ಮಿತಿ ಇದೆ, ಅದನ್ನೂ ಅದೇ ಹಾಳೆಯಲ್ಲಿ ಬರೆದೆವು. ಅವಳಿಗೋ ಅವಳ ಗೆಳತಿಗೋ ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟರೆ, ಫೋಟೋ ಕೇಳಿದರೆ, ಬೆದರಿಸಿದರೆ, ಅಥವಾ ಯಾರಾದರೂ ಸಾಯುವ ಮಾತಾಡಿದರೆ, ಅದು ಗುಟ್ಟಾಗಿ ಉಳಿಯುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಾಯಿ ಆದರೂ ಅಷ್ಟೇ, ನಾನಾದರೂ ಅಷ್ಟೇ. ಮಕ್ಕಳ ಸಹಾಯವಾಣಿ 1098ರ ನಂಬರೂ ಹಾಳೆಯಲ್ಲಿತ್ತು. ಆಗಲೂ ಒಂದು ಕ್ರಮ ಇಟ್ಟುಕೊಂಡೆವು: "ಇದನ್ನ ನಾನು ಹೇಳಲೇಬೇಕು, ಇಂಥವರಿಗೆ ಹೇಳ್ತೀನಿ" ಅಂತ ಮೊದಲು ಮಗಳಿಗೆ ತಿಳಿಸಬೇಕು. ಗೆಳತಿಯ ವಿಷಯದಲ್ಲಿ ತಾಯಿಯ ಆತಂಕ ಸರಿಯೇ ಇತ್ತು ಅಂತ ಮಗಳ ಎದುರಿಗೇ ಹೇಳಿದೆ. ಆ ಹುಡುಗನ ಜಾಗದಲ್ಲಿ ದೊಡ್ಡವನೊಬ್ಬ ಇದ್ದಿದ್ದರೆ ಫೋನ್ ಮಾಡಲೇಬೇಕಿತ್ತು. ಒಂದೇ ವಯಸ್ಸಿನ ಹುಡುಗನ "ಹಾಯ್, ಊಟ ಆಯ್ತಾ" ಮೆಸೇಜಿಗೆ ಮಗಳ ಜೊತೆ ಹತ್ತು ನಿಮಿಷ ಮಾತಾಡಿ ಆಮೇಲೆ ಯೋಚಿಸಬಹುದಿತ್ತು. ಮಗಳು ಇದಕ್ಕೆ ತಲೆಯಾಡಿಸಿದಳು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಒಪ್ಪಂದ ಪಾಲಿಸುವುದು ತಾಯಿಗೆ ಎಷ್ಟು ಕಷ್ಟವಾಯಿತು ಅನ್ನೋದನ್ನು ಹೇಳಲೇಬೇಕು. ಗುಬ್ಬಿಯಲ್ಲಿರುವ ಅಕ್ಕ ರಾತ್ರಿ ಒಂಬತ್ತಕ್ಕೆ ದಿನಾ ಫೋನ್ ಮಾಡುತ್ತಾರೆ. ಆ ಫೋನಿನಲ್ಲಿ ಇಬ್ಬರೂ ಹಂಚಿಕೊಳ್ಳುವುದೇ ಮಕ್ಕಳ ಸುದ್ದಿ. ಅವರ ಮಗ ಹೀಗಂದ, ನಮ್ಮೋಳು ಹೀಗೆ ಮಾಡಿದ್ಲು. "ಅದು ಬಿಟ್ರೆ ನನ್ ಹತ್ರ ಬೇರೆ ಸುದ್ದಿ ಏನಿದೆ ಮೇಡಂ?" ಅಂದರು. ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವ ಮಾತು ಇದು. ಮನೆಯಲ್ಲೇ ದುಡಿಯುವ ಹೆಂಗಸನ್ನು ಯಾರು ತಾನೇ ಅವಳ ವಿಷಯ ಕೇಳುತ್ತಾರೆ? "ಮಕ್ಕಳು ಹೇಗಿದ್ದಾರೆ" ಅಂತಲೇ ಎಲ್ಲರ ಮೊದಲ ಪ್ರಶ್ನೆ. ಮಕ್ಕಳ ಮಾತನ್ನು ಊರಿಗೆ ಹಂಚುವ ಅಮ್ಮಂದಿರನ್ನು ಬೈಯುವುದು ಸುಲಭ. ಅವರಿಗೆ ಬೇರೆ ಸುದ್ದಿ ಇದೆ ಅಂತ ನಾವು ಯಾವತ್ತು ಒಪ್ಪಿದ್ದೇವೆ?

ಹಾಗಾಗಿ ಮುಂದಿನ ಕೆಲಸ ತಾಯಿಯ ಸುದ್ದಿ ಹುಡುಕುವುದಾಯಿತು. ಸಿಕ್ಕಿದ್ದು ಬೇಕಾದಷ್ಟು. ಯೂಟ್ಯೂಬ್ ನೋಡಿ ಹೊಸ ಥರದ ಕುತ್ತಿಗೆ ಡಿಸೈನ್ ಕಲಿತದ್ದು. ಒಬ್ಬ ಗಿರಾಕಿ ಮೂರು ಸಲ ಬಿಚ್ಚಿಸಿ ಹೊಲಿಸಿ ಅರ್ಧ ದುಡ್ಡು ಕೊಟ್ಟು ಹೋದದ್ದು. ಇದನ್ನೆಲ್ಲ ಅಕ್ಕನಿಗೆ ಹೇಳತೊಡಗಿದರು. ಒಳರೂಮಿನಿಂದ ಮಗಳು "ಆ ಆಂಟಿ ಮತ್ತೆ ಬಂದ್ರಾ? ದುಡ್ಡು ಮೊದ್ಲೇ ಇಸ್ಕೋ ಅಮ್ಮ" ಅಂತ ಕೂಗಿದಳು. ಕೇಳದೇ ಬಂದ ಮೊದಲ ಮಾತು ಅದು.

ಕುಚ್ಚು ಕಟ್ಟುವಾಗ

ಮದುವೆ ಸೀಸನ್ನಿನಲ್ಲಿ ಕುಚ್ಚಿನ ಕೆಲಸ ರಾಶಿ ಬೀಳುತ್ತದೆ. ಸೆರಗಿನ ತುದಿಯ ಎಳೆಗಳನ್ನು ಒಂದೇ ಅಳತೆಗೆ ಪಾಲು ಮಾಡಬೇಕು, ಬಣ್ಣಕ್ಕೆ ಹೊಂದುವ ರೇಷ್ಮೆ ದಾರ ಸೇರಿಸಿ ಗಂಟು ಹಾಕಬೇಕು, ನಡುವೆ ಮಣಿ ಪೋಣಿಸಬೇಕು. ಒಬ್ಬರೇ ಕೂತರೆ ಹೊತ್ತು ಹೋಗುವುದಿಲ್ಲ. ಮಗಳಿಗೆ ಕೈಖರ್ಚಿಗೆ ದುಡ್ಡು ಬೇಕಿತ್ತು. ಸೀರೆಗೆ ಇಷ್ಟು ಅಂತ ಮಾತಾಡಿಕೊಂಡು ಇಬ್ಬರೂ ಒಂದೇ ಸೆರಗಿನ ಎರಡು ತುದಿ ಹಿಡಿದು ಕೂತರು.

ಕುಚ್ಚಿನ ಕೆಲಸದಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಆಗುವುದಿಲ್ಲ. ಕಣ್ಣು ದಾರದ ಮೇಲೇ ಇರಬೇಕು, ಇಲ್ಲದಿದ್ದರೆ ಗಂಟು ಮೇಲೆ ಕೆಳಗೆ ಆಗುತ್ತದೆ. ಹಿಂದೆ ಸ್ಕೂಟಿಯಲ್ಲೂ ಹಾಗೇ ಇತ್ತಲ್ವಾ? ಮುಖ ನೋಡಿ "ಕೂತ್ಕೋ, ನಿನ್ ಹತ್ರ ಮಾತಾಡ್ಬೇಕು" ಅಂದರೆ ಈ ವಯಸ್ಸಿನವರಿಗೆ ಅದು ವಿಚಾರಣೆ. ಕೈಗೆ ಕೆಲಸವಿದ್ದು ಕಣ್ಣು ಬೇರೆಡೆ ಇದ್ದಾಗ ಮಾತು ಮಧ್ಯದಲ್ಲಿ ನಿಂತರೂ ಯಾರಿಗೂ ಮುಜುಗರವಿಲ್ಲ.

ಒಂದು ಸಂಜೆ, ಮಾರ್ಕ್ಸ್ ಮಾತು ಬಂದು ಮಗಳು ಮೂತಿ ಊದಿಸಿಕೊಂಡಾಗ, ತಾಯಿ ಏನನ್ನಿಸಿತೋ ಏನೋ, ದಾರದ ಮೇಲೆ ಕಣ್ಣಿಟ್ಟೇ ಹೇಳಿದರು: "ನಾನೂ ಎಸ್ಸೆಸ್ಸೆಲ್ಸೀಲಿ ಗಣಿತ ಢುಮ್ಕಿ ಕಣೇ. ಸಪ್ಲಿಮೆಂಟರಿ ಕಟ್ಟಿ ಪಾಸ್ ಮಾಡ್ಕೊಂಡೆ." ಮಗಳ ಕೈ ನಿಂತಿತು. "ಅಪ್ಪಂಗೆ ಗೊತ್ತಾ?" "ಇಲ್ಲ. ನೀನೂ ಹೇಳ್ಬೇಡ." ಮಗಳು ಹೇಳಲಿಲ್ಲ. ಇಬ್ಬರೂ ಒಪ್ಪಿದ ಮೇಲೆ ಈ ಬರಹದಲ್ಲಿ ಸೇರಿಸಿದ್ದೇನೆ. ಅಪ್ಪ ಓದಿದರೆ ಏನಾಗುತ್ತದೋ ನೋಡಬೇಕು.

ನನ್ನ ಪ್ರಕಾರ ಯಾವ ಒಪ್ಪಂದದ ಹಾಳೆಗಿಂತಲೂ ಇದು ಹೆಚ್ಚು ಕೆಲಸ ಮಾಡಿತು. ಅಲ್ಲಿಯವರೆಗೆ ಗುಟ್ಟು ಒಪ್ಪಿಸುವುದು ಮಗಳ ಪಾಲಿನ ಕೆಲಸ, ಕೇಳುವುದು ಅಮ್ಮನ ಪಾಲಿನದ್ದು. ಮೊದಲ ಸಲ ಅಮ್ಮನ ಒಂದು ಗುಟ್ಟು ಮಗಳ ಕೈಯಲ್ಲಿತ್ತು.

ಇನ್ನೊಂದು ಜಾಗ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಮೊದಲೆಲ್ಲ ಹಬ್ಬಕ್ಕೆ ಮಾತ್ರ ತಿಪಟೂರಿಗೆ ಹೋಗುತ್ತಿದ್ದ ತಾಯಿ ಈಗ ಆಗಾಗ ಭಾನುವಾರ ಅಜ್ಜಿ ಮನೆಗೆ ಹೊರಡತೊಡಗಿದರು. ಮಗ ಅಪ್ಪನ ಜೊತೆ ಉಳಿಯುತ್ತಿದ್ದ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಹೋಗುವ ಆ ದಾರಿಯಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಕಿಟಕಿ ಕಡೆ ನೋಡುವುದು. ಅರ್ಧ ದಾರಿ ಮಗಳು ಇಯರ್‌ಫೋನ್ ಹಾಕಿಕೊಂಡಿರುತ್ತಿದ್ದಳು. ಒಂದು ಭಾನುವಾರ ನಿಟ್ಟೂರು ದಾಟುತ್ತಿದ್ದ ಹಾಗೆ ಒಂದು ಕಿವಿಯದ್ದು ತೆಗೆದು, ತುಂಬ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ವಿಷಯ ಹೇಳಿದಳು.

ಅದೇನು ಅನ್ನೋದು ಮೊದಲ ಪ್ರತಿಯಲ್ಲಿ ಇತ್ತು. ಅವಳು ಗೀಟು ಹಾಕಿದ್ದು ಇಲ್ಲೇ.

ತಾಯಿ ಏನು ಮಾಡಿದರು ಅನ್ನೋದನ್ನು ಹೇಳಬಹುದು. "ಆಮೇಲೆ?" ಅಂದರಂತೆ. ಮಗನಿಗೆ ಅನ್ನುವ ಹಾಗೇ. ತಿಪಟೂರು ಬರುವವರೆಗೆ ಬುದ್ಧಿಮಾತು ಬಾಯಿಯವರೆಗೆ ಬಂದು ಬಂದು ವಾಪಸ್ ಹೋಯಿತಂತೆ. ಅವತ್ತು ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನ್ ಬಂದಾಗ ಕೊಬ್ಬರಿ ರೇಟಿನ ವಿಷಯ ಮಾತಾಡಿದರು.

ಈಗ

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಾಳೆ. 625ಕ್ಕೆ ಎಷ್ಟು ಬಂತು ಅಂತ ಅವಳನ್ನೇ ಕೇಳಬೇಕು, ಬರೆಯಲು ನನಗೆ ಅಪ್ಪಣೆ ಇಲ್ಲ. ಫಲಿತಾಂಶದ ದಿನ ನೆಂಟರಿಗೆ ಫೋನ್ ಮಾಡಿದವಳು ಅವಳೇ. ಅಮ್ಮ ಪಕ್ಕದಲ್ಲಿ ಕೂತು "ಅಜ್ಜಿಗೂ ಹೇಳೇ" ಅನ್ನುತ್ತಿದ್ದರಂತೆ.

ಮಾತು ಈಗ ಎರಡೂ ಕಡೆ ಹರಿಯುತ್ತದೆ, ಹಾಗಂತ ಎಲ್ಲ ಸುಖಾಂತ್ಯ ಅನ್ನಲಾರೆ. ಮಗಳು ಹೇಳುವುದು ಅರ್ಧವೋ ಕಾಲೋ. ತಾಯಿ ಒಪ್ಪಂದವನ್ನು ಆಗಾಗ ಮುರಿದಿದ್ದಾರೆ. ಒಮ್ಮೆ ಅವಳು ಕೂದಲು ಕತ್ತರಿಸಿಕೊಂಡ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ, ಮಗಳು ನೋಡುವಷ್ಟರಲ್ಲಿ ಡಿಲೀಟ್ ಮಾಡಿದರು. ದೊಡ್ಡಮ್ಮ ಆಗಲೇ ಮೂರು ಹೃದಯ ಒತ್ತಿಯಾಗಿತ್ತು.

ಇತ್ತೀಚೆಗೆ ತಾಯಿ ನನಗೆ ಫೋನ್ ಮಾಡಿದ್ದು ಮಗಳ ಮೇಲೆ ದೂರು ಹೇಳಲು. ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರ್ ಹತ್ತಿರ ಮಗಳೂ ಜೊತೆಗೆ ಹೋಗಿದ್ದಳು. "ಮಾತ್ರೆ ದಿನಾ ತಗೋತಿದೀರಾ?" ಅಂತ ಡಾಕ್ಟರ್ ಕೇಳಿದರು. ತಾಯಿ "ಹೂಂ" ಅನ್ನುವ ಮುಂಚೆಯೇ ಮಗಳು "ಇಲ್ಲ ಡಾಕ್ಟ್ರೇ, ವಾರದಲ್ಲಿ ಎರಡು ದಿನ ಮರೀತಾರೆ, ಕಾಫಿ ಕುಡಿದು ತಗೋತಾರೆ" ಅಂದುಬಿಟ್ಟಳು. ಹೊರಗೆ ಬಂದ ಮೇಲೆ ಜಗಳ. "ಅದನ್ನೆಲ್ಲ ಯಾಕೆ ಹೇಳಕ್ಕೆ ಹೋದೆ? ನನ್ನ ಕೇಳಿದ್ಯಾ?" "ಡಾಕ್ಟ್ರಿಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ?" ಮಗಳ ಪ್ರಕಾರ ಇದು ಹಾಳೆಯಲ್ಲಿ ಬರೆದ ಮಿತಿಯ ಒಳಗೇ ಬರುತ್ತದೆ. ಹೇಳುವ ಮುಂಚೆ ತಿಳಿಸಬೇಕಿತ್ತು ಅನ್ನುವುದು ತಾಯಿಯ ವಾದ. ಹಾಳೆ ನೋಡಿದರೆ ತಾಯಿಯದ್ದೇ ಸರಿ, ಮಾತ್ರೆಯ ವಿಷಯದಲ್ಲಿ ಮಗಳದ್ದು.

ಮೊಬೈಲ್ ಪಾಸ್‌ವರ್ಡ್ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ತಿಂಗಳು ಅದಕ್ಕಾಗಿ ಬರುತ್ತೇವೆ ಅಂದಿದ್ದಾರೆ. ಇಬ್ಬರೂ ಬೇರೆ ಬೇರೆ ದಿನ ಕೇಳಿದ್ದಾರೆ.